ಅಮೆರಿಕದಲ್ಲಿ ದಿವಾಳಿ ಅರ್ಜಿ ಹಾಕುವುದು ಹೇಗೆ? ಒಮ್ಮೆ ಹಾಕಿ ಬಂದವನ ಮಾತು

"ಪಾಪರ್ ಚೀಟಿ ತಗೊಂಡ" ಅನ್ನುವ ಮಾತನ್ನು ನಾವೆಲ್ಲ ಬೈಗುಳದ ಹಾಗೆ ಕೇಳಿಕೊಂಡು ಬೆಳೆದವರು. ಅದಕ್ಕೇ ಇರಬೇಕು, ವಕೀಲರ ಹತ್ತಿರ ಹೋಗುವುದಕ್ಕೆ ಮುಂಚೆ ನಾನು ಒಂದು ವರ್ಷಕ್ಕೂ ಜಾಸ್ತಿ ಸುಮ್ನೆ ಒದ್ದಾಡಿದೆ. ಈ ಕಾರ್ಡಿನಿಂದ ತೆಗೆದು ಆ ಕಾರ್ಡಿಗೆ ಕಟ್ಟುವುದು, ಗೊತ್ತಿಲ್ಲದ ನಂಬರಿನಿಂದ ಫೋನ್ ಬಂದರೆ ಸೈಲೆಂಟ್ ಮಾಡುವುದು, ಟಪಾಲು ಬಂದರೆ ಒಡೆಯದೆ ಡ್ರಾಯರಿಗೆ ಹಾಕುವುದು. ನಾಲ್ಕು ಕಾರ್ಡು, ಒಂದು ಆಸ್ಪತ್ರೆ ಬಿಲ್ಲು, ಎಲ್ಲ ಸೇರಿ 46,000 ಡಾಲರ್. ಅದರ ಮೇಲೆ ಕೆಲಸವೂ ಹೋಯಿತು.

ನಾನು ವಕೀಲನಲ್ಲ. ನನ್ನ ಅರ್ಜಿ ವಕೀಲರ ಮೂಲಕವೇ ಹೋಯಿತು. ಆದರೆ ಏನು ನಡೆಯುತ್ತದೆ, ಎಲ್ಲಿ ಕಾಲು ಜಾರುತ್ತದೆ ಅಂತ ಮೊದಲೇ ಯಾರಾದರೂ ಕನ್ನಡದಲ್ಲಿ ಹೇಳಿದ್ದರೆ ಎಷ್ಟೋ ರಾತ್ರಿ ನಿದ್ದೆ ಮಾಡುತ್ತಿದ್ದೆ. ಒಂದು ಮಾತು ಈಗಲೇ ಹೇಳಿಬಿಡುತ್ತೇನೆ: ಈ ಕಾನೂನಿಗೆ ಸಾಲ ಮಾಡಿದವನ ಮೇಲೆ ಅಷ್ಟು ಸಿಟ್ಟಿಲ್ಲ, ಮುಚ್ಚಿಟ್ಟವನ ಮೇಲೆ ಇದೆ. ಕೆಳಗಿನದನ್ನೆಲ್ಲ ಅದೊಂದನ್ನು ತಲೆಯಲ್ಲಿಟ್ಟುಕೊಂಡು ಓದಿ.

ಏಳೋ, ಹದಿಮೂರೋ

ಮಾಮೂಲಿ ಜನ ಹಾಕುವುದು ಎರಡೇ ಬಗೆ, ದಿವಾಳಿ ಕಾನೂನಿನ ಅಧ್ಯಾಯದ ನಂಬರೇ ಅವುಗಳ ಹೆಸರು. ಚಾಪ್ಟರ್ 7 ಅಂದರೆ ಕಾರ್ಡು, ಆಸ್ಪತ್ರೆ, ಪರ್ಸನಲ್ ಲೋನ್ ಇಂಥ ಸಾಲಗಳು ಸುಮಾರು ನಾಲ್ಕು ತಿಂಗಳಲ್ಲಿ ಅಳಿಸಿಹೋಗುತ್ತವೆ. ಬದಲಿಗೆ ಕಾನೂನು ಕಾಪಾಡದ ಆಸ್ತಿ ನಿಮ್ಮಲ್ಲಿದ್ದರೆ ಟ್ರಸ್ಟಿ (ನಿಮ್ಮ ಕೇಸು ನೋಡಿಕೊಳ್ಳಲು ನೇಮಿಸಿದವರು) ಅದನ್ನು ಮಾರಿ ಸಾಲ ಕೊಟ್ಟವರಿಗೆ ಹಂಚಬಹುದು. ಬಹುಪಾಲು ಕೇಸುಗಳಲ್ಲಿ ಮಾರುವುದಕ್ಕೆ ಏನೂ ಇರುವುದಿಲ್ಲ. ಚಾಪ್ಟರ್ 13 ಅಂದರೆ ಮೂರರಿಂದ ಐದು ವರ್ಷ ತಿಂಗಳು ತಿಂಗಳು ಟ್ರಸ್ಟಿಗೆ ಕಟ್ಟುವ ಪ್ಲಾನ್. ಮನೆ ಕಂತು ಬಾಕಿ ಬಿದ್ದು ಮನೆ ಹೋಗುವ ಹಾಗಿದ್ದರೆ 13 ನೋಡಿ, ಯಾಕೆಂದರೆ ಹಳೇ ಬಾಕಿಯನ್ನು ಆ ವರ್ಷಗಳಿಗೆ ಹರಡಿ ತೀರಿಸಲು ಅದು ಬಿಡುತ್ತದೆ. 7ರಲ್ಲಿ ಬ್ಯಾಂಕಿನವರು ಸ್ವಲ್ಪ ದಿನ ತಡೆಯುತ್ತಾರೆ, ಅಷ್ಟೇ. ಇನ್ನೊಂದು ವ್ಯತ್ಯಾಸ: ನಿಮ್ಮ ಸಾಲಕ್ಕೆ ಯಾರಾದರೂ ಜಾಮೀನು ಸಹಿ ಹಾಕಿದ್ದರೆ 7ರಲ್ಲಿ ನೀವು ಪಾರು, ಅವರು ಸಿಕ್ಕಿಬೀಳುತ್ತಾರೆ. 13ರಲ್ಲಿ ಪ್ಲಾನ್ ನಡೆಯುವಷ್ಟು ದಿನ ಸಾಮಾನ್ಯವಾಗಿ ಅವರಿಗೂ ರಕ್ಷಣೆ ಇದೆ.

ನಾನು ಹಾಕಿದ್ದು 7. ಮುಂದಿನದು ಹೆಚ್ಚಾಗಿ ಅದರ ಕಥೆಯೇ.

ಎಲ್ಲ ಸಾಲವೂ ಹೋಗುವುದಿಲ್ಲ ಅನ್ನುವುದನ್ನೂ ಮೊದಲೇ ತಿಳಿದಿರಿ. ಮಕ್ಕಳ ಪೋಷಣೆಗೆ ಕೊಡಬೇಕಾದ ಹಣ, ವಿಚ್ಛೇದನದ ಜೀವನಾಂಶ, ಇತ್ತೀಚಿನ ವರ್ಷಗಳ ಇನ್‌ಕಮ್ ಟ್ಯಾಕ್ಸ್, ಕ್ರಿಮಿನಲ್ ದಂಡ, ಕುಡಿದು ಗಾಡಿ ಓಡಿಸಿ ಯಾರಿಗಾದರೂ ಗಾಯ ಮಾಡಿದ್ದರ ಪರಿಹಾರ, ಇವೆಲ್ಲ ನಿಮ್ಮ ಜೊತೆಗೇ ಬರುತ್ತವೆ. ಮೋಸದಿಂದ ಎತ್ತಿದ ಸಾಲವೂ ಹಾಗೇ, ಆದರೆ ಅದನ್ನು ಸಾಲ ಕೊಟ್ಟವರು ಕೋರ್ಟಿನಲ್ಲಿ ತೋರಿಸಬೇಕು. ಓದಿನ ಸಾಲಕ್ಕೆ ಅದೇ ಕೇಸಿನೊಳಗೆ ಇನ್ನೊಂದು ಮೊಕದ್ದಮೆ ಹೂಡಿ ತೀರಾ ಕಷ್ಟ ಇದೆ ಅಂತ ಸಾಬೀತು ಮಾಡಬೇಕು. ಸರ್ಕಾರಿ ಸ್ಟೂಡೆಂಟ್ ಲೋನಿಗೆ 2022ರ ಕೊನೆಯಿಂದ ಆ ದಾರಿ ಸ್ವಲ್ಪ ಸಲೀಸಾಗಿದೆ, ಆದರೂ ತಾನಾಗಿ ಹೋಗುವುದಿಲ್ಲ. ನಿಮ್ಮ ಸಾಲದ ಮುಕ್ಕಾಲು ಪಾಲು ಈ ಪಟ್ಟಿಯಲ್ಲೇ ಇದ್ದರೆ ಅರ್ಜಿ ಹಾಕಿ ಏನು ಬಂತು?

ಹಾಕುವ ಮೊದಲು ಮಾಡಬಾರದ್ದು

ಜನ ಜಾಸ್ತಿ ಎಡವುವುದು ಇಲ್ಲೇ. ನಾನೂ ಎಡವಿದೆ.

ಟ್ಯಾಕ್ಸ್ ರೀಫಂಡ್ ಬಂದಾಗ ನನಗೆ ಹೊಳೆದ ಮೊದಲ ಕೆಲಸ ಅಂದರೆ ಭಾವನಿಂದ ಪಡೆದಿದ್ದ 3,000 ಡಾಲರ್ ವಾಪಸ್ ಕೊಡುವುದು. ಕಾರ್ಡಿನವರು ಕಾಯಲಿ, ಮನೆಯವರಿಗೆ ಮೊದಲು ಕೊಡಬೇಕು ಅಲ್ವಾ? ನಮ್ಮ ಲೆಕ್ಕದಲ್ಲಿ ಅದು ಮರ್ಯಾದೆ. ಕಾನೂನಿನ ಲೆಕ್ಕದಲ್ಲಿ ಅದು ಒಬ್ಬರಿಗೆ ಕೊಟ್ಟು ಉಳಿದವರಿಗೆ ತಪ್ಪಿಸಿದ್ದು. ಅರ್ಜಿಗೆ ಹಿಂದಿನ ಒಂದು ವರ್ಷದಲ್ಲಿ ನೆಂಟರ ಸಾಲ ತೀರಿಸಿದ್ದರೆ ಟ್ರಸ್ಟಿ ಆ ದುಡ್ಡನ್ನು ಅವರಿಂದ ವಾಪಸ್ ಕೇಳಬಹುದು. ನಿಮ್ಮಿಂದಲ್ಲ, ಅವರಿಂದ. ಭಾವನ ಮನೆಗೆ ಟ್ರಸ್ಟಿಯ ನೋಟಿಸ್ ಹೋಗುವುದನ್ನು ಊಹಿಸಿಕೊಂಡು ವಕೀಲರ ಎದುರು ಬೆವತುಹೋದೆ. ನಾನು ಅವರನ್ನು ಕಂಡಿದ್ದು ಜನವರಿಯಲ್ಲಿ, ಭಾವನಿಗೆ ಕೊಟ್ಟಿದ್ದು ಅದರ ಹಿಂದಿನ ಏಪ್ರಿಲ್‌ನಲ್ಲಿ. "ಮೇ ತಿಂಗಳಲ್ಲಿ ಬನ್ನಿ" ಅಂದರು. ನಾಲ್ಕು ತಿಂಗಳು ಕಾದೆ. ಅಷ್ಟರೊಳಗೆ ಯಾರೂ ಕೇಸ್ ಹಾಕಲಿಲ್ಲ, ಅದು ನನ್ನ ಪುಣ್ಯ. ಬ್ಯಾಂಕು, ಕಾರ್ಡು ಇಂಥ ಹೊರಗಿನವರಿಗೆ ಕಟ್ಟಿದ್ದಾದರೆ ನೋಡುವುದು ಹಿಂದಿನ 90 ದಿನ ಮಾತ್ರ.

ಕಾರನ್ನೋ ಜಾಗವನ್ನೋ ತಮ್ಮನ ಹೆಸರಿಗೆ ಬರೆದುಬಿಡುವ ಯೋಚನೆ ಬಂದರೆ ಅಲ್ಲೇ ನಿಲ್ಲಿಸಿ. ಫೆಡರಲ್ ಕಾನೂನು ಎರಡು ವರ್ಷ ಹಿಂದಕ್ಕೆ ನೋಡುತ್ತದೆ. ರಾಜ್ಯದ ಕಾನೂನು ಹಿಡಿದು ಇನ್ನೂ ಹಿಂದಕ್ಕೆ ಹೋಗಬಹುದು. ಸಾಗಿಸಿದ್ದು ಗೊತ್ತಾದರೆ ವಸ್ತುವೂ ಹೋಗುತ್ತದೆ, ಸಾಲ ಮನ್ನಾ ಆಗುವುದೂ ತಪ್ಪಬಹುದು.

ಹೇಗೂ ದಿವಾಳಿ ಅಂತ ಕಾರ್ಡ್ ಉಜ್ಜಬೇಡಿ. ಕೊನೆಯ 90 ದಿನಗಳಲ್ಲಿ ಒಂದೇ ಕಂಪನಿಯ ಕಾರ್ಡಿನಲ್ಲಿ 900 ಡಾಲರ್ ಮೇಲೆ ಶೋಕಿಗೆ ಖರ್ಚು ಮಾಡಿದ್ದರೆ, ಅಥವಾ 70 ದಿನಗಳೊಳಗೆ 1,250 ಡಾಲರ್ ಮೇಲೆ ಕ್ಯಾಶ್ ಎತ್ತಿದ್ದರೆ, ತೀರಿಸುವ ಮನಸ್ಸೇ ಇರಲಿಲ್ಲ ಅಂತ ಕಾನೂನು ಮೊದಲೇ ಅಂದುಕೊಳ್ಳುತ್ತದೆ. ಈ ಮೊತ್ತಗಳು 2025ರ ಏಪ್ರಿಲ್‌ನಿಂದ ನಡೆಯುತ್ತಿರುವವು, ಮೂರು ವರ್ಷಕ್ಕೊಮ್ಮೆ ಬದಲಾಗುತ್ತವೆ.

401ಕೆ, ಅಂದರೆ ಕೆಲಸದ ಮೂಲಕ ಕೂಡಿಟ್ಟ ನಿವೃತ್ತಿ ದುಡ್ಡು, ಅದನ್ನು ಒಡೆದು ಕಾರ್ಡ್ ಕಟ್ಟುವುದು ಇನ್ನೊಂದು ದೊಡ್ಡ ತಪ್ಪು. ನನ್ನ ಪರಿಚಯದವರೊಬ್ಬರು ಹಾಗೆ ಮಾಡಿ, ದಂಡ ಮತ್ತು ಟ್ಯಾಕ್ಸ್ ಕಟ್ಟಿ, ಆರು ತಿಂಗಳಾದ ಮೇಲೆ ಅರ್ಜಿಯನ್ನೂ ಹಾಕಿದರು. ಆ ದುಡ್ಡನ್ನು ಮುಟ್ಟದೆ ಇದ್ದಿದ್ದರೆ ಸಾಲ ಕೊಟ್ಟವರು ಯಾರೂ ಅದರ ಹತ್ತಿರ ಸುಳಿಯುವ ಹಾಗಿರಲಿಲ್ಲ.

ಸಣ್ಣ ವಿಷಯ ಒಂದಿದೆ, ಯಾರೂ ಹೇಳುವುದಿಲ್ಲ. ಯಾವ ಬ್ಯಾಂಕಿನ ಕಾರ್ಡ್ ಬಾಕಿ ಇದೆಯೋ ಅದೇ ಬ್ಯಾಂಕಿಗೆ ಸಂಬಳ ಬರುತ್ತಿದ್ದರೆ ಮೊದಲು ಬೇರೆ ಬ್ಯಾಂಕಿನಲ್ಲಿ ಖಾತೆ ತೆರೆಯಿರಿ. ಅರ್ಜಿಯ ಸುದ್ದಿ ತಿಳಿದ ಕೂಡಲೇ ಖಾತೆ ಹಿಡಿದಿಡುವ ಹಕ್ಕು ಅವರಿಗಿದೆ, 1995ರಲ್ಲಿ ಸುಪ್ರೀಂ ಕೋರ್ಟೇ ಅದಕ್ಕೆ ಒಪ್ಪಿದೆ. ಬಾಡಿಗೆ ಕಟ್ಟುವ ದಿನ ಖಾತೆ ಸ್ತಬ್ಧವಾದರೆ ಏನು ಮಾಡುತ್ತೀರಿ? ಹೊಸ ಖಾತೆಯನ್ನೂ ಅರ್ಜಿಯಲ್ಲಿ ತೋರಿಸಲೇಬೇಕು, ಮತ್ತೆ ಹೇಳುತ್ತಿದ್ದೇನೆ.

ಆರು ತಿಂಗಳ ಲೆಕ್ಕ

ಚಾಪ್ಟರ್ 7 ಯಾರಿಗೆ ಬೇಕಾದರೂ ಸಿಗುವುದಿಲ್ಲ. 2005ರಲ್ಲಿ ಕಾನೂನು ಬಿಗಿ ಮಾಡಿದಾಗ ಮೀನ್ಸ್ ಟೆಸ್ಟ್ ಅಂತ ಒಂದು ತಂದರು. ಅರ್ಜಿ ಹಾಕುವ ತಿಂಗಳನ್ನು ಬಿಟ್ಟು ಅದರ ಹಿಂದಿನ ಆರು ಪೂರ್ತಿ ತಿಂಗಳ ಆದಾಯ ಕೂಡಿಸಿ, ಎರಡರಿಂದ ಗುಣಿಸಿ, ನಿಮ್ಮ ರಾಜ್ಯದಲ್ಲಿ ನಿಮ್ಮಷ್ಟೇ ಜನ ಇರುವ ಕುಟುಂಬದ ಮಧ್ಯಮ ಆದಾಯದ ಜೊತೆ ಹೋಲಿಸುತ್ತಾರೆ. ಆ ಕೋಷ್ಟಕ ದಿವಾಳಿ ಕೇಸುಗಳ ಮೇಲ್ವಿಚಾರಣೆ ಮಾಡುವ ಸರ್ಕಾರಿ ಕಚೇರಿ ಯು.ಎಸ್. ಟ್ರಸ್ಟಿ ಪ್ರೋಗ್ರಾಂನ ವೆಬ್‌ಸೈಟಿನಲ್ಲಿದೆ. ಕಡಿಮೆ ಇದ್ದರೆ ಪಾಸ್. ಜಾಸ್ತಿ ಇದ್ದರೆ ಖರ್ಚುಗಳನ್ನೆಲ್ಲ ಕಳೆಯುವ ಇನ್ನೊಂದು ಉದ್ದದ ಫಾರಂ ತುಂಬಬೇಕು, ಅಲ್ಲೂ ಪಾಸಾಗುವವರಿದ್ದಾರೆ.

ಇಲ್ಲಿ ತಾರೀಕೇ ಎಲ್ಲ. ಕೆಲಸ ಜನವರಿಯಲ್ಲಿ ಹೋಗಿ ಮಾರ್ಚ್‌ನಲ್ಲಿ ಅರ್ಜಿ ಹಾಕಿದರೆ ಸೆಪ್ಟೆಂಬರ್‌ನಿಂದ ಫೆಬ್ರವರಿವರೆಗಿನದ್ದು ಲೆಕ್ಕಕ್ಕೆ ಬರುತ್ತದೆ. ಅಂದರೆ ಹಳೇ ದೊಡ್ಡ ಸಂಬಳ, ಬಿಡುವಾಗ ಕೊಟ್ಟ ಪರಿಹಾರ, ಎಲ್ಲ ಒಳಗೆ. ಎರಡು ಮೂರು ತಿಂಗಳು ತಡೆದರೆ ಅದೇ ಮನುಷ್ಯ ಆರಾಮಾಗಿ ಪಾಸಾಗುತ್ತಾನೆ. ಗಂಡನೋ ಹೆಂಡತಿಯೋ ಒಬ್ಬರೇ ಅರ್ಜಿ ಹಾಕಬಹುದು, ಆದರೆ ಒಂದೇ ಮನೆಯಲ್ಲಿದ್ದರೆ ಇಬ್ಬರ ಆದಾಯವನ್ನೂ ತೋರಿಸಬೇಕು. ನಿಮ್ಮ ಸಾಲದಲ್ಲಿ ಅರ್ಧಕ್ಕಿಂತ ಜಾಸ್ತಿ ವ್ಯಾಪಾರದ್ದೇ ಆಗಿದ್ದರೆ ಈ ಪರೀಕ್ಷೆಯೇ ಇಲ್ಲ.

ಡ್ರಾಯರ್ ಖಾಲಿ ಮಾಡುವುದು

ಒಂದು ಶನಿವಾರ ಕೂತು ಆ ಡ್ರಾಯರನ್ನು ಊಟದ ಮೇಜಿನ ಮೇಲೆ ಸುರಿದೆ. ಅರವತ್ತರ ಮೇಲೆ ಲಕೋಟೆಗಳು. ಮೊದಲ ಹತ್ತು ಒಡೆಯುವಾಗ ಕೈ ನಡುಗಿತು, ಆಮೇಲೆ ಬರೀ ಬೇಜಾರಾಯಿತು. ಒಂದೇ ಆಸ್ಪತ್ರೆ ಸಾಲ ಮೂರು ಬೇರೆ ಬೇರೆ ವಸೂಲಿ ಕಂಪನಿಗಳ ಹೆಸರಲ್ಲಿ ಬಂದಿತ್ತು. ಮೂರನ್ನೂ ಬರೆದುಕೊಂಡೆ. ನೀವೂ ಹಾಗೇ ಮಾಡಿ: ಮೂಲ ಸಾಲ ಕೊಟ್ಟವರು, ಈಗ ಕೇಳುತ್ತಿರುವವರು, ಅವರ ವಕೀಲರು, ಎಲ್ಲರ ವಿಳಾಸವೂ ಬೇಕು. ನೋಟಿಸ್ ಹೋಗದವನು ಮುಂದೊಂದು ದಿನ ತಕರಾರು ತೆಗೆಯಬಹುದು.

ಈಕ್ವಿಫ್ಯಾಕ್ಸ್, ಎಕ್ಸ್‌ಪೀರಿಯನ್, ಟ್ರಾನ್ಸ್‌ಯೂನಿಯನ್, ಸಾಲದ ದಾಖಲೆ ಇಡುವ ಈ ಮೂರು ಕಂಪನಿಗಳ ಕ್ರೆಡಿಟ್ ರಿಪೋರ್ಟನ್ನೂ ಆನ್ಯುಯಲ್ ಕ್ರೆಡಿಟ್ ರಿಪೋರ್ಟ್ ಡಾಟ್ ಕಾಮ್‌ನಿಂದ ಪುಕ್ಕಟೆ ಇಳಿಸಿಕೊಳ್ಳಿ. ಆಸ್ಪತ್ರೆ ಬಿಲ್ಲು, ಗೆಳೆಯರ ಕೈಸಾಲ ಅದರಲ್ಲಿ ಇರದೆ ಹೋಗಬಹುದು. ಕೈಸಾಲವನ್ನೂ ಬರೆಯಲೇಬೇಕು. "ಅವನಿಗೆ ಹೇಗೂ ಕೊಡ್ತೀನಿ, ಅವನ ಹೆಸರು ಯಾಕೆ" ಅಂತ ಬಿಡುವ ಹಾಗಿಲ್ಲ. ಎಲ್ಲ ಮುಗಿದ ಮೇಲೆ ನಿಮ್ಮ ಇಷ್ಟಕ್ಕೆ ಅವನಿಗೆ ವಾಪಸ್ ಕೊಟ್ಟರೆ ಯಾರೂ ಬೇಡ ಅನ್ನುವುದಿಲ್ಲ, ಕಾನೂನು ಅದಕ್ಕೆ ಜಾಗ ಬಿಟ್ಟಿದೆ.

ಇವುಗಳ ಜೊತೆ ಕೊನೆಯ 60 ದಿನಗಳ ಪೇ ಸ್ಲಿಪ್, ಆರು ತಿಂಗಳ ಆದಾಯದ ಲೆಕ್ಕ, ಹೊಸ ಟ್ಯಾಕ್ಸ್ ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್, ಕಾರು ಮತ್ತು ಮನೆಯ ಕಾಗದ ಎತ್ತಿಡಿ.

ಕೋರ್ಸು, ಫೀಸು, ವಕೀಲರು

ಅರ್ಜಿಗೆ ಹಿಂದಿನ 180 ದಿನಗಳೊಳಗೆ ಕ್ರೆಡಿಟ್ ಕೌನ್ಸೆಲಿಂಗ್ ಮುಗಿಸಿ ಸರ್ಟಿಫಿಕೇಟ್ ತಗೊಳ್ಳಬೇಕು. ಸರ್ಕಾರದ ಪಟ್ಟಿಯಲ್ಲಿರುವ ಸಂಸ್ಥೆಯಿಂದಲೇ ಆಗಬೇಕು. ಆನ್‌ಲೈನ್‌ನಲ್ಲಿ ಒಂದೂವರೆ ಗಂಟೆ, ಸಾಮಾನ್ಯವಾಗಿ 50 ಡಾಲರ್ ಒಳಗೆ. ಸತ್ಯ ಹೇಳಬೇಕೆಂದರೆ ನನಗೆ ಅದರಿಂದ ಕಲಿತಿದ್ದೇನೂ ಇಲ್ಲ, ಆದರೆ ಆ ಕಾಗದ ಇಲ್ಲದಿದ್ದರೆ ಕೇಸು ವಜಾ ಆಗುತ್ತದೆ.

ಕೋರ್ಟ್ ಫೀಸು ಚಾಪ್ಟರ್ 7ಕ್ಕೆ 338 ಡಾಲರ್, 13ಕ್ಕೆ 313. ನಾಲ್ಕು ಕಂತಿನಲ್ಲಿ ಕಟ್ಟಲು ಕೇಳಬಹುದು. 7ರಲ್ಲಿ ಆದಾಯ ಬಡತನ ರೇಖೆಯ ಶೇ. 150ಕ್ಕಿಂತ ಕಡಿಮೆ ಇದ್ದು ಕಂತಿನಲ್ಲೂ ಕಟ್ಟಲಾಗದಿದ್ದರೆ ಮಾಫಿ ಕೇಳಬಹುದು. ವಕೀಲರ ಫೀಸು ಇದಕ್ಕಿಂತ ಎಷ್ಟೋ ಜಾಸ್ತಿ, 7ರಲ್ಲಿ ಅದನ್ನು ಬಹುಮಟ್ಟಿಗೆ ಮುಂಚೆಯೇ ಕೇಳುತ್ತಾರೆ, ಯಾಕೆಂದರೆ ಬಾಕಿ ಬಿಟ್ಟರೆ ಅದೂ ಅಳಿಸಿಹೋಗುವ ಸಾಲವೇ! ವಕೀಲರಿಲ್ಲದೆ ನೀವೇ ಹಾಕಬಹುದು. ಬಾಡಿಗೆ ಮನೆ, ಹಳೇ ಕಾರು, ಬರೀ ಕಾರ್ಡ್ ಸಾಲ, ಇಷ್ಟೇ ಆದರೆ ಧೈರ್ಯ ಮಾಡಬಹುದು, ಬಡವರಿಗೆ ನೆರವಾಗುವ ಲೀಗಲ್ ಏಡ್ ಕಚೇರಿಗಳೂ ಇವೆ. ಸ್ವಂತ ಮನೆ, ವ್ಯಾಪಾರ, ನೆಂಟರಿಗೆ ಕೊಟ್ಟ ದುಡ್ಡು, ಬೇರೆ ದೇಶದಲ್ಲಿ ಆಸ್ತಿ, ಇವುಗಳಲ್ಲಿ ಒಂದಿದ್ದರೂ ವಕೀಲರನ್ನು ಹಿಡಿಯಿರಿ.

ಫಾರಂ ತುಂಬುವಾಗ

ಮುಖ್ಯ ಅರ್ಜಿ ಫಾರಂ 101. ಅದರ ಹಿಂದೆ 106ರ ಸಾಲು: ಆಸ್ತಿ, ಯಾವ ಆಸ್ತಿಗೆ ರಕ್ಷಣೆ ಕೇಳುತ್ತೀರಿ, ಅಡಮಾನದ ಸಾಲ, ಉಳಿದ ಸಾಲ, ಆದಾಯ, ಖರ್ಚು. ಆಮೇಲೆ 107, ಹಿಂದಿನ ಕೆಲವು ವರ್ಷ ದುಡ್ಡು ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಅಂತ. ನನ್ನ ಭಾವನ 3,000 ಇದೇ 107ರಲ್ಲಿ ಕೇಳುವ ಪ್ರಶ್ನೆ. ಎಲ್ಲ ಫಾರಂಗಳೂ ಫೆಡರಲ್ ಕೋರ್ಟುಗಳ ವೆಬ್‌ಸೈಟಿನಲ್ಲಿ ಪುಕ್ಕಟೆ ಇವೆ, ಯಾರಿಗೂ ದುಡ್ಡು ಕೊಟ್ಟು ತಗೊಳ್ಳಬೇಡಿ. ಕೊನೇ 180 ದಿನಗಳಲ್ಲಿ ಜಾಸ್ತಿ ದಿನ ಎಲ್ಲಿ ವಾಸವಿದ್ದಿರೋ ಆ ಜಿಲ್ಲೆಯ ಬ್ಯಾಂಕ್ರಪ್ಸಿ ಕೋರ್ಟಿನಲ್ಲಿ ಹಾಕಬೇಕು. ಅಮೆರಿಕದ ಪೌರತ್ವ ಬೇಕಾಗಿಲ್ಲ.

ಆಸ್ತಿಯ ಬೆಲೆ ಅಂದರೆ ಕೊಂಡಾಗಿನ ಬೆಲೆಯಲ್ಲ. ನಮ್ಮ ಸೋಫಾ 1,100 ಕೊಟ್ಟು ತಂದಿದ್ದು. ಒಂದು ಮೂಲೆ ಕಿತ್ತು, ಮಗಳು ಪೆನ್ನಿನಲ್ಲಿ ಗೀಚಿ, ಈಗ ಯಾರಾದರೂ ಹೊತ್ತುಕೊಂಡು ಹೋದರೇ ದೊಡ್ಡದು. 60 ಡಾಲರ್ ಅಂತ ಬರೆದೆವು. ಟ್ರಸ್ಟಿ ಅದರ ಬಗ್ಗೆ ಒಂದು ಮಾತೂ ಕೇಳಲಿಲ್ಲ.

ರಕ್ಷಣೆ ಎಷ್ಟು ಅನ್ನುವುದು ರಾಜ್ಯದ ಮೇಲೆ ನಿಂತಿದೆ. ಫೆಡರಲ್ ಪಟ್ಟಿಯಲ್ಲಿ ಸ್ವಂತ ಮನೆಯಲ್ಲಿ ನಿಮ್ಮ ಪಾಲಿಗೆ 31,575 ಡಾಲರ್, ಕಾರಿಗೆ 5,025, ಯಾವುದಕ್ಕೆ ಬೇಕಾದರೂ ಹಾಕಿಕೊಳ್ಳಬಹುದಾದ 1,675, ಜೊತೆಗೆ ಮನೆಗೆ ಬಳಸದೆ ಉಳಿದದ್ದರಲ್ಲಿ 15,800ರವರೆಗೆ. ಆದರೆ ಎಷ್ಟೋ ರಾಜ್ಯಗಳು ಈ ಪಟ್ಟಿಯನ್ನು ಬಳಸಲು ಬಿಡುವುದಿಲ್ಲ, ತಮ್ಮದೇ ಪಟ್ಟಿ ಹಿಡಿಯುತ್ತವೆ. ಟೆಕ್ಸಾಸ್, ಫ್ಲಾರಿಡಾಗಳಲ್ಲಿ ಮನೆಯ ಬೆಲೆಗೆ ಮಿತಿಯೇ ಇಲ್ಲ, ಜಾಗದ ಅಳತೆಗೆ ಮಾತ್ರ ಇದೆ. ಹಾಗಂತ ಅಲ್ಲಿಗೆ ಓಡಿಹೋಗಿ ಅರ್ಜಿ ಹಾಕುವ ಆಟ ನಡೆಯುವುದಿಲ್ಲ. ರಾಜ್ಯ ಬದಲಿಸಿ 730 ದಿನ ಆಗಿರದಿದ್ದರೆ ಸಾಮಾನ್ಯವಾಗಿ ಹಳೇ ರಾಜ್ಯದ ಪಟ್ಟಿಯೇ ಅನ್ವಯ.

ಈಗ ನಮ್ಮವರು ಮರೆಯುವ ಅಥವಾ ಮರೆತಂತೆ ಇರುವ ವಿಷಯ. ಕಾನೂನು ಕೇಳುವುದು ಜಗತ್ತಿನ ಯಾವ ಮೂಲೆಯಲ್ಲಿದ್ದರೂ ನಿಮ್ಮದಾದ ಆಸ್ತಿ. ಭಾರತದ ಬ್ಯಾಂಕಿನಲ್ಲಿರುವ ಎಫ್‌ಡಿ, ನಿಮ್ಮ ಹೆಸರಿನ ಸೈಟು, ಅಪ್ಪ ತೀರಿಕೊಂಡ ಮೇಲೆ ಇನ್ನೂ ಪಾಲಾಗದ ಜಮೀನಿನಲ್ಲಿ ನಿಮ್ಮ ಭಾಗ, ಲಾಕರಿನ ಚಿನ್ನ, ಎಲ್ಲ ಬರೆಯಬೇಕು. "ಪಾಲಾಗಿಲ್ಲವಲ್ಲ, ನನ್ನದು ಅಂತ ಹೇಗೆ ಹೇಳಲಿ" ಅಂತ ನಾನೂ ಕೇಳಿದೆ. ಪಾಲಾಗಿಲ್ಲ ಅನ್ನುವುದನ್ನೂ ಸೇರಿಸಿ ಬರೆಯಿರಿ ಅಂದರು ವಕೀಲರು. ಅರ್ಜಿ ಹಾಕಿ 180 ದಿನಗಳೊಳಗೆ ಯಾರಾದರೂ ತೀರಿಕೊಂಡು ನಿಮಗೆ ಪಿತ್ರಾರ್ಜಿತ ಬಂದರೆ ಅದನ್ನೂ ತಿಳಿಸಬೇಕು. ಫಾರಂಗಳ ಕೊನೆಯಲ್ಲಿ ಸಹಿ ಹಾಕುವ ಜಾಗದ ಹತ್ತಿರವೇ ಅಚ್ಚಾಗಿದೆ: ಸುಳ್ಳು ಹೇಳಿದರೆ 2,50,000 ಡಾಲರ್‌ವರೆಗೆ ದಂಡ, 20 ವರ್ಷದವರೆಗೆ ಜೈಲು. ಅದನ್ನು ಓದಿ ಸಹಿ ಹಾಕಿ.

ಹಾಕಿದ ದಿನ

ಅರ್ಜಿ ದಾಖಲಾದ ಕ್ಷಣದಿಂದ ತಡೆಯಾಜ್ಞೆ ಜಾರಿ. ಯಾವ ಜಡ್ಜೂ ಸಹಿ ಹಾಕಬೇಕಿಲ್ಲ. ಫೋನ್, ಪತ್ರ, ಸಂಬಳ ಹಿಡಿಯುವುದು, ಕೇಸು, ಕಾರು ಎತ್ತಿಕೊಂಡು ಹೋಗುವುದು, ಬಹುತೇಕ ಎಲ್ಲ ನಿಲ್ಲಬೇಕು. ಆದರೂ ಎರಡನೇ ದಿನ ನನಗೊಂದು ಫೋನ್ ಬಂತು. ಕೇಸ್ ನಂಬರ್ ಹೇಳಿದೆ, ಆ ಕಡೆಯವರು "ಥ್ಯಾಂಕ್ಯೂ" ಅಂತ ಇಟ್ಟರು. ಆಮೇಲೆ ಮನೆ ಎಷ್ಟು ಮೌನವಾಯಿತು ಅಂದರೆ ಫೋನ್ ಕೆಟ್ಟಿದೆಯೇನೋ ಅಂತ ನೋಡಿದ್ದೂ ಇದೆ.

ತೀರಾ ತುರ್ತು ಇದ್ದು, ನಾಳೆ ಮನೆ ಹರಾಜು ಅಂತಾದರೆ, ಮುಖ್ಯ ಅರ್ಜಿ, ಸಾಲ ಕೊಟ್ಟವರ ಪಟ್ಟಿ, ಸೋಶಿಯಲ್ ಸೆಕ್ಯುರಿಟಿ ನಂಬರಿನ ಫಾರಂ, ಕೌನ್ಸೆಲಿಂಗ್ ಸರ್ಟಿಫಿಕೇಟ್ ಇಷ್ಟರಲ್ಲೇ ದಾಖಲಿಸಿ ಉಳಿದದ್ದನ್ನು 14 ದಿನಗಳಲ್ಲಿ ಕೊಡಬಹುದು. ಕೊಡದೆ ಕೇಸ್ ವಜಾ ಆಗಿ, ಒಂದು ವರ್ಷದೊಳಗೆ ಮತ್ತೆ ಹಾಕಿದರೆ ತಡೆಯಾಜ್ಞೆ ಬರೀ 30 ದಿನ.

341 ಮೀಟಿಂಗ್

ಮೂರರಿಂದ ಆರು ವಾರದೊಳಗೆ ಸಾಲ ಕೊಟ್ಟವರ ಮೀಟಿಂಗ್. ಕಾನೂನಿನ ಕಲಂ ನಂಬರಿನಿಂದ ಎಲ್ಲರೂ 341 ಅಂತಲೇ ಕರೆಯುತ್ತಾರೆ. ಈಗ ಸಾಮಾನ್ಯವಾಗಿ ಝೂಮ್‌ನಲ್ಲಿ. ಜಡ್ಜ್ ಇರುವುದಿಲ್ಲ, ಟ್ರಸ್ಟಿ ಇರುತ್ತಾರೆ. ಅದಕ್ಕೆ ಏಳು ದಿನ ಮುಂಚೆಯೇ ಟ್ಯಾಕ್ಸ್ ರಿಟರ್ನ್ ಅವರಿಗೆ ತಲುಪಿರಬೇಕು. ಫೋಟೋ ಐಡಿ, ಸೋಶಿಯಲ್ ಸೆಕ್ಯುರಿಟಿ ಕಾರ್ಡ್ ಕೈಯಲ್ಲಿರಲಿ.

ನಾನು ಟೈ ಕಟ್ಟಿಕೊಂಡು ಕೂತಿದ್ದೆ. ನನ್ನ ಮುಂದೆ ಆರು ಜನರ ಸರದಿ, ಎಲ್ಲ ನಮ್ಮ ಕಿವಿಗೆ ಬೀಳುವ ಹಾಗೇ ನಡೆಯಿತು. ಟ್ರಕ್ ಓಡಿಸುವವರೊಬ್ಬರು, ನರ್ಸ್ ಒಬ್ಬರು, ವಯಸ್ಸಾದ ದಂಪತಿ. ಆ ಅರ್ಧ ಗಂಟೆಯಲ್ಲಿ ನನ್ನ ನಾಚಿಕೆ ಅರ್ಧ ಇಳಿಯಿತು. ನನ್ನ ಸರದಿ ಬಂದಾಗ ಬಲಗೈ ಎತ್ತಿ ಪ್ರಮಾಣ ಮಾಡಿಸಿದರು. ಅರ್ಜಿ ನೀವೇ ಓದಿ ಸಹಿ ಹಾಕಿದ್ದಾ? ಎಲ್ಲ ಆಸ್ತಿ, ಎಲ್ಲ ಸಾಲ ಬರೆದಿದ್ದೀರಾ? ಏನಾದರೂ ತಿದ್ದಬೇಕಾ? ಯಾರ ಮೇಲಾದರೂ ಪರಿಹಾರಕ್ಕೆ ಕೇಸ್ ಹಾಕುವ ಹಕ್ಕಿದೆಯಾ? ಭಾರತದ ಜಮೀನಿನ ಬಗ್ಗೆ ಎರಡು ಪ್ರಶ್ನೆ: ಎಷ್ಟು ಜನ ಪಾಲುದಾರರು, ಯಾರು ಉಳುತ್ತಿದ್ದಾರೆ. ಮೊದಲೇ ಬರೆದಿದ್ದರಿಂದ ಗಂಟಲು ಒಣಗಲಿಲ್ಲ. ಏಳು ನಿಮಿಷ. ಕಾರ್ಡ್ ಕಂಪನಿಯವರು ಒಬ್ಬರೂ ಬಂದಿರಲಿಲ್ಲ.

ಕೇಳಿದ್ದಕ್ಕಷ್ಟೇ ಉತ್ತರ ಕೊಡಿ. ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನಿ, ಊಹೆ ಬೇಡ.

ಆಮೇಲೆ

ಎರಡನೇ ಕೋರ್ಸ್ ಒಂದಿದೆ, ಹಣ ನಿಭಾಯಿಸುವ ಬಗ್ಗೆ. ಮೀಟಿಂಗ್ ಮುಗಿದ ಖುಷಿಯಲ್ಲಿ ಇದನ್ನು ಮರೆಯುವವರು ಬಹಳ. ಸರ್ಟಿಫಿಕೇಟ್ ಹೋಗದಿದ್ದರೆ ಸಾಲ ಮನ್ನಾ ಆಗದೆಯೇ ಫೈಲ್ ಮುಚ್ಚುತ್ತಾರೆ, ಮತ್ತೆ ತೆರೆಸಲು 260 ಡಾಲರ್. ಮೀಟಿಂಗ್ ಆದ ಸಂಜೆಯೇ ಕೂತು ಮುಗಿಸಿ.

ಕಾರ್ ಲೋನ್ ಇದ್ದರೆ ಬ್ಯಾಂಕಿನವರು ಸಾಲ ಮತ್ತೆ ಒಪ್ಪಿಕೊಳ್ಳುವ ಕರಾರು ಕಳಿಸುತ್ತಾರೆ. ಸಹಿ ಹಾಕಿದರೆ ಆ ಸಾಲ ಮನ್ನಾದಿಂದ ಹೊರಗೆ. ನಾಳೆ ಕಂತು ತಪ್ಪಿದರೆ ಕಾರೂ ಹೋಗುತ್ತದೆ, ಬಾಕಿಯೂ ಬೆನ್ನು ಹತ್ತುತ್ತದೆ. ಕಾರಿನ ಬೆಲೆಗಿಂತ ಸಾಲವೇ ದೊಡ್ಡದಿದ್ದರೆ ನನ್ನ ಮಟ್ಟಿಗೆ ಸಹಿ ಬೇಡ, ಬಿಟ್ಟುಕೊಡುವುದೇ ವಾಸಿ.

ಮೊದಲು ಗೊತ್ತುಮಾಡಿದ ಮೀಟಿಂಗ್ ದಿನದಿಂದ 60 ದಿನ ಆಕ್ಷೇಪಣೆಗೆ ಸಮಯ. ಯಾರೂ ತಕರಾರು ಮಾಡದಿದ್ದರೆ ಸ್ವಲ್ಪ ದಿನದಲ್ಲೇ ಡಿಸ್ಚಾರ್ಜ್ ಆದೇಶ, ಅಂದರೆ ಸಾಲ ಮನ್ನಾ ಆಯಿತು ಅನ್ನುವ ಆದೇಶ, ಬರುತ್ತದೆ. ನನ್ನದು ಸೆಪ್ಟೆಂಬರ್‌ನಲ್ಲಿ ಬಂತು. ಎರಡೇ ಪುಟ, ಅದರಲ್ಲಿ ಸಾಲದವರ ಹೆಸರೂ ಇಲ್ಲ.

ಕ್ರೆಡಿಟ್ ರಿಪೋರ್ಟಿನಲ್ಲಿ ಚಾಪ್ಟರ್ 7 ಹತ್ತು ವರ್ಷ ಉಳಿಯಬಹುದು. ಮತ್ತೊಮ್ಮೆ ಚಾಪ್ಟರ್ 7ರಲ್ಲಿ ಮನ್ನಾ ಬೇಕಾದರೆ ಮೊದಲ ಅರ್ಜಿಯ ದಿನದಿಂದ ಎಂಟು ವರ್ಷ ಕಾಯಬೇಕು. ಮನ್ನಾ ಆದ ಸಾಲವನ್ನು ಆದಾಯ ಅಂತ ತೋರಿಸಿ ಯಾರಾದರೂ 1099-ಸಿ ಅನ್ನುವ ಟ್ಯಾಕ್ಸ್ ಫಾರಂ ಕಳಿಸಿದರೆ ಗಾಬರಿ ಬೇಡ, ಟ್ಯಾಕ್ಸ್ ರಿಟರ್ನ್ ಜೊತೆ ಫಾರಂ 982 ಸೇರಿಸಿ. ದಿವಾಳಿಯಲ್ಲಿ ಅಳಿಸಿದ ಸಾಲಕ್ಕೆ ತೆರಿಗೆ ಇಲ್ಲ.

ಆದೇಶದ ಪ್ರತಿ ಮತ್ತು ಸಾಲಗಳ ಪಟ್ಟಿ, ಇವೆರಡನ್ನು ಒಂದೇ ಪಿಡಿಎಫ್ ಮಾಡಿ ಫೋನಿನಲ್ಲೂ ಈಮೇಲಿನಲ್ಲೂ ಇಟ್ಟುಕೊಳ್ಳಿ. ಹಳೇ ಸಾಲಗಳನ್ನು ಕಂತೆ ಕಂತೆಯಾಗಿ ಮಾರುತ್ತಾರೆ, ಕೊಂಡವನಿಗೆ ನಿಮ್ಮ ಕೇಸಿನ ಸುದ್ದಿ ತಿಳಿದಿರುವುದಿಲ್ಲ. ನನಗೆ ಎರಡು ವರ್ಷ ಬಿಟ್ಟು ಆ ಆಸ್ಪತ್ರೆ ಬಿಲ್ಲಿಗೆ ನಾಲ್ಕನೇ ಕಂಪನಿಯೊಂದರಿಂದ ಪತ್ರ ಬಂತು. ಈ ಸಲ ಲಕೋಟೆಯನ್ನು ಅಂದೇ ಒಡೆದೆ, ಪಿಡಿಎಫ್ ಕಳಿಸಿದೆ, ಮತ್ತೆ ಅವರ ಸದ್ದಿಲ್ಲ.